ಜುಲ್ಫೊ ಕಟ್ಟಿದ ಕನ್ನೆ

ರೆಮ್ಜಾ ಮೂವತ್ತೊಂದು ವರ್ಷ ಅಂಗಿಯ ಕಾಲರು ಹೊಲಿದವಳು. ಇಡೀ ಅಂಗಿಯನ್ನಲ್ಲ, ಬರೀ ಕಾಲರು. ತೋಳಿನವರದ್ದು ಬೇರೆ ಸಾಲು, ಗುಂಡಿಯವರದ್ದು ಬೇರೆ ಸಾಲು. ಕಾಲರಿನ ಎಡ ತುದಿಗೂ ಬಲ ತುದಿಗೂ ಒಂದು ನೂಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮೇಸ್ತ್ರಿ ಹೆಂಗಸು ಅದನ್ನು ಹೊಲಿದವಳ ಮುಖಕ್ಕೇ ಎಸೆಯುತ್ತಿದ್ದಳು. ರೆಮ್ಜಾಳ ಮುಖಕ್ಕೆ ಬಿದ್ದದ್ದು ಮೊದಲ ವರ್ಷ ಎರಡು ಸಲ. ಆಮೇಲೆ ಇಲ್ಲ. ಕಾರ್ಖಾನೆ ಮುಚ್ಚಿ ಹತ್ತು ವರ್ಷವಾದರೂ ಅವಳ ಕಣ್ಣು ಮಾತ್ರ ಕೆಲಸ ಬಿಟ್ಟಿರಲಿಲ್ಲ. ಶುಕ್ರವಾರ ಮಸೀದಿಯಿಂದ ಬರುವವರಿರಲಿ, ಭಾನುವಾರ ಚರ್ಚಿನಿಂದ ಬರುವವರಿರಲಿ, ಮೊದಲು ಕಾಲರು ನೋಡಿ ಆಮೇಲೆ ಮುಖ ನೋಡುವಳು. ಗೋಡೆಯ ಮೇಲೆ ಪಟ ಸೊಟ್ಟಗೆ ನೇತಾಡುತ್ತಿದ್ದರೆ, ಅದು ಪಕ್ಕದ ಮನೆಯದ್ದಾದರೂ ಸರಿ, ಎದ್ದು ಹೋಗಿ ನೆಟ್ಟಗೆ ಮಾಡಿ ಬಂದೇ ಕಾಫಿ ಬಟ್ಟಲು ಎತ್ತುವಳು.

ಅಂಥವಳನ್ನು ಕಟ್ಟಿಕೊಂಡವನು ಜುಲ್ಫೊ. ಮರದ ಮಿಲ್ಲಿನ ಆಳು. ಇಪ್ಪತ್ತಮೂರನೇ ವಯಸ್ಸಿಗೆ ಎಡಗೈಯ ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ಗರಗಸಕ್ಕೆ ಕೊಟ್ಟು ಬಂದಿದ್ದ. ಹೆಣ್ಣು ಕೇಳಲು ಬಂದ ದಿನ ರೆಮ್ಜಾಳ ಅಪ್ಪ ಅವನ ಮುಖ ಬಿಟ್ಟು ಕೈಯನ್ನೇ ನೋಡುತ್ತ ಕೂತಿದ್ದರು.

"ಅಲ್ಲಯ್ಯ, ಮದುವೆ ಉಂಗುರ ಯಾವ ಬೆರಳಿಗೆ ಹಾಕ್ಕೊಳ್ತೀಯ?"

"ಮೂಗಿಗೇ ಹಾಕಿಬಿಡಿ ಮಾವ. ಹಿಡ್ಕೊಂಡು ಎಳೆಯೋಕೆ ನಿಮ್ಮ ಮಗಳಿಗೂ ಸುಲಭ."

ಒಳಗೆ ಕಾಫಿ ಕಾಯಿಸುತ್ತಿದ್ದ ರೆಮ್ಜಾ ನಕ್ಕ ರಭಸಕ್ಕೆ ಅರ್ಧ ಕಾಫಿ ಒಲೆಯ ಪಾಲಾಯಿತು. ಉಳಿದರ್ಧ ಕುಡಿದು ಅಪ್ಪ ಹೂಂ ಅಂದರು.

ಜುಲ್ಫೊನಿಗೆ ಕುಡಿತವಿರಲಿಲ್ಲ, ಇಸ್ಪೀಟು ಇರಲಿಲ್ಲ. ಇದ್ದದ್ದು ಶಾಶ್ ಕೆರೆ. ಊರಿನ ಮೇಲಕ್ಕೆ, ಪೈನ್ ಕಾಡು ಮುಗಿಯುವಲ್ಲಿ ಇರುವ ಆ ಕೆರೆ ಅರ್ಧ ಜೊಂಡು, ಅರ್ಧ ಟ್ರೌಟ್ ಮೀನು. ಜೀವಂತ ಹುಳ ಚುಚ್ಚಿ ಗಾಳ ಹಾಕುವ ಹಾಗಿಲ್ಲ ಅಲ್ಲಿ. ನೂಲು, ಪುಕ್ಕಗಳಿಂದ ಕೈಯಾರೆ ಕಟ್ಟಿದ ಹುಸಿಹುಳವೇ ಆಗಬೇಕು. ಮೇ ತಿಂಗಳ ಕೊನೆಯಿಂದ ಜೂನ್ ಮುಗಿಯುವವರೆಗೆ ಆ ಮೀನುಗಳಿಗೆ ಏರೋಪ್ಲೇನ್ ಚಿಟ್ಟೆಯ ಮರಿಗಳ ಮೇಲೆ ಇರುವ ಆಸೆ ಇನ್ನಾವುದರ ಮೇಲೂ ಇಲ್ಲ. ಊರವರ ಮಾತಲ್ಲಿ ಆ ಚಿಟ್ಟೆಗಳ ದಪ್ಪ ಜಾತಿಯದ್ದು ಯಕ್ಷಿಯ ಕುದುರೆ. ಸೂಜಿಯ ಹಾಗೆ ಸಪೂರವಾಗಿ, ಕೂತಾಗ ರೆಕ್ಕೆ ಮಡಚುವಂಥದ್ದು ಯಕ್ಷಿಯ ಕನ್ನೆ. ಗಾಳದವರ ಬಾಯಲ್ಲಿ ಬರೀ ಕುದುರೆ, ಬರೀ ಕನ್ನೆ. ಕುದುರೆಯ ಮರಿ ಡುಮ್ಮಣ್ಣ, ಕೆರೆಯ ತಳದ ಕೆಸರಿನಲ್ಲಿ ತೆವಳಿಕೊಂಡಿರುತ್ತದೆ. ಕನ್ನೆಯ ಮರಿ ಹಾಗಲ್ಲ. ಬಿಸಿಲೇರುವ ಹೊತ್ತಿಗೆ ಆಳದಿಂದ ಹೊರಟು, ಮೈಯನ್ನು ಆಚೀಚೆ ಬಳುಕಿಸುತ್ತ, ದಡದ ಜೊಂಡಿನ ಕಡೆಗೆ ಈಜಿ ಬರುತ್ತದೆ. ಜೊಂಡು ಹತ್ತಿ, ಬೆನ್ನು ಬಿರಿದು, ರೆಕ್ಕೆ ಬಿಡಿಸಿ ಹಾರಿಹೋಗಬೇಕು ಎಂಬುದು ಅದರ ಲೆಕ್ಕ. ಜೊಂಡು ಮುಟ್ಟುವ ಮೊದಲೇ ನುಂಗಬೇಕು ಎಂಬುದು ಮೀನಿನ ಲೆಕ್ಕ. ಈ ಎರಡು ಲೆಕ್ಕಗಳ ನಡುವೆ ಜುಲ್ಫೊ ತನ್ನ ಹುಳವನ್ನು ಬಿಡುತ್ತಿದ್ದ.

ಅವನು ಕಟ್ಟುವ ಕನ್ನೆಗೆ ಬಾಲ ಟರ್ಕಿ ಕೋಳಿಯ ಎದೆಯ ತುಪ್ಪುಳ. ಮೈ ಉಣ್ಣೆ. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಈರುಳ್ಳಿ ಸಿಪ್ಪೆ ಕುದಿಸಿ ಅದಕ್ಕೆ ಪಾಚಿಯ ಬಣ್ಣ ಬರಿಸುವನು. ಕಾಲಿಗೆ ಕೌಜುಗದ ಗರಿ. ನೈಲಾನ್ ದಾರದ ತುದಿಗಳನ್ನು ಬೆಂಕಿಗೆ ಹಿಡಿದರೆ ಕರಗಿ ಗುಂಡಗಾಗುತ್ತವಲ್ಲ, ಅವೇ ಕಣ್ಣು. ಯುದ್ಧದ ವರ್ಷಗಳಲ್ಲಿ ಅಂಗಡಿಯಲ್ಲಿ ಏನೂ ಸಿಗದಿದ್ದಾಗ ರೆಮ್ಜಾಳ ಹಸಿರು ಸ್ವೆಟರು ಎಳೆಯೆಳೆಯಾಗಿ ಬಿಚ್ಚಿ, ಕೆರೆಗೆ ಹೋಗಿ, ಮೀನಾಗಿ ಮನೆಗೆ ಬಂದಿತ್ತು. ಆಮೇಲೆ ಒಳ್ಳೆಯ ಕಾಲ ಬಂತು. ಗಾಳದವರ ಸಂಘದ ಹನ್ನೆರಡು ಮಂದಿಯೂ ಜೂನ್ ಬಂತೆಂದರೆ ಅವನ ಕನ್ನೆ ಇಲ್ಲದೆ ದೋಣಿ ಬಿಚ್ಚುತ್ತಿರಲಿಲ್ಲ.

"ಮನೇಲಿ ಹೆಂಡ್ತಿ ಇಟ್ಕೊಂಡು ದಿನಾ ಒಂದೊಂದು ಕನ್ನೆ ಕಟ್ಕೊಳ್ತೀಯಲ್ಲ, ನಾಚ್ಕೆ ಆಗಲ್ವಾ?" ಎಂದು ರೆಮ್ಜಾ ಕೆಣಕುವಳು.

"ಅವು ಬಾಯಿ ಬಿಡಲ್ಲ ನೋಡು, ಅದಕ್ಕೇ," ಎನ್ನುವನು.

ಈ ವಿಷಯದಲ್ಲಿ ಇಬ್ಬರಿಗೂ ಒಂದೇ ಒಂದು ಸಲ ನಿಜವಾದ ಜಗಳ ಆಗಿತ್ತು. ಮದುವೆಯಾದ ಮೊದಲ ವಸಂತ. ಅವನು ಮಿಲ್ಲಿಗೆ ಹೋದಾಗ ಅವಳು ಹುಳದ ಡಬ್ಬಿ ತೆರೆದು ನೋಡಿದಳು. ಎಲ್ಲ ಸೊಟ್ಟ. ಬಾಲ ಒಂದು ಕಡೆ, ಕಣ್ಣು ಒಂದು ಕಡೆ. ಪಾಪ, ಮೂರು ಬೆರಳಿನವನು, ಇನ್ನೇನು ಮಾಡಿಯಾನು ಎಂದು ಮರುಗಿ, ಕತ್ತರಿ ಹಿಡಿದು ಇಪ್ಪತ್ತೆರಡು ಹುಳಗಳ ಬಾಲ ಸಮ ಮಾಡಿ, ಎಳೆದು ನೆಟ್ಟಗೆ ಮಾಡಿ ಇಟ್ಟಳು. ಸಂಜೆ ಅವನು ಡಬ್ಬಿ ತೆರೆದವನೇ ಮನೆ ಹಾರಿಹೋಗುವ ಹಾಗೆ ಕೂಗಿದ. ಎರಡು ದಿನ ಊಟಕ್ಕೆ ಬರಲಿಲ್ಲ. ಯಾಕೆ ಎಂದು ಹೇಳಲೂ ಇಲ್ಲ. ಅವನಿಗೂ ಗೊತ್ತಿತ್ತೋ ಇಲ್ಲವೋ. ನನ್ನ ಹುಳ ಮುಟ್ಟಬೇಡ ಎಂದ, ಅಷ್ಟೇ. ಅವಳೂ ಮೂವತ್ತೈದು ವರ್ಷ ಮುಟ್ಟಲಿಲ್ಲ. ಎದುರಿಗೆ ಕೂತು ಅವರೆ ಬಿಡಿಸುತ್ತ, ಅವನು ಕಟ್ಟುವುದನ್ನು ನೋಡುತ್ತಿದ್ದಳು.

ಈ ವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ ಸೌದೆ ತರಲು ಹೋದ ಜುಲ್ಫೊ ಸೌದೆಯ ರಾಶಿಯ ಮೇಲೆಯೇ ಕುಸಿದ. ಲಕ್ವ ಬಲಗಡೆಯನ್ನು ಪೂರ್ತಿ ತೆಗೆದುಕೊಂಡಿತು. ಮಾತನ್ನೂ ತೆಗೆದುಕೊಂಡಿತು. ಮೂರು ವಾರ ಆಸ್ಪತ್ರೆಯಲ್ಲಿಟ್ಟು ಮನೆಗೆ ಕಳಿಸಿದರು. ವ್ಯಾಯಾಮ ಮಾಡಿಸಲು ಬರುತ್ತಿದ್ದ ನರ್ಸು, "ಎಡಗೈ ಚೆನ್ನಾಗಿದೆ ತಾತ, ಅದಕ್ಕೆ ಕೆಲಸ ಕೊಡಿ, ಚಮಚ ಹಿಡೀರಿ," ಎಂದು ಗಿಣಿಗೆ ಹೇಳಿದ ಹಾಗೆ ಹೇಳಿದಳು. ಅವನು ಚಮಚವನ್ನು ಗೋಡೆಗೆ ಎಸೆದ. ಆಮೇಲೆ ಆ ಎಡಗೈಯನ್ನು ಕಂಬಳಿಯೊಳಗೆ ಸೇರಿಸಿದವನು ಹೊರಗೆ ತೆಗೆಯಲೇ ಇಲ್ಲ. ಕಿಟಕಿಯ ಪಕ್ಕದ ಒರಗುಮಂಚದಲ್ಲಿ ಕೂತು ಬೀದಿ ನೋಡುತ್ತಿದ್ದ. ರೆಮ್ಜಾ ತುತ್ತು ಹಿಡಿದರೆ ಬಾಯಿ ತೆರೆಯುವನು. ಹಿಡಿಯದಿದ್ದರೆ ಕೇಳುವವನಲ್ಲ.

ಏಪ್ರಿಲ್‌ನಲ್ಲಿ ಸ್ಟಿಪೊ ಬಂದ. ಸ್ಟಿಪೊ ಎಂದರೆ ಸಂಘದ ಅಧ್ಯಕ್ಷ, ಜುಲ್ಫೊನ ಜೊತೆ ನಲವತ್ತು ವರ್ಷ ಒಂದೇ ದೋಣಿಯಲ್ಲಿ ಕೂತವನು, ಹೊಟ್ಟೆಯೂ ದನಿಯೂ ದೊಡ್ಡದು. ಸಕ್ಕರೆ ತುಂಡನ್ನು ಕಾಫಿಗೆ ಅದ್ದಿ ಚೀಪುತ್ತ, ಜುಲ್ಫೊನ ಮುಖವನ್ನೇ ನೋಡುತ್ತ, ಹೇಳಿದ:

"ಜುಲ್ಫೊ ಇದ್ದಾಗ ಇಷ್ಟೊತ್ತಿಗೆ ಮೂರು ಡಬ್ಬಿ ಕಟ್ಟಿ ಇಟ್ಟಿರೋನು."

ರೆಮ್ಜಾಳ ಕೈಯಲ್ಲಿದ್ದ ತಟ್ಟೆ ಠಣ್ ಎಂದು ಮೇಜಿನ ಮೇಲೆ ಕೂತಿತು.

"ಇದ್ದಾಗ ಅಂದ್ರೆ? ಈಗ ಎಲ್ಲಿಗೆ ಹೋಗಿದಾನೆ? ನಿನ್ನ ಮೂಗಿನ ಎದುರಿಗೆ ಕೂತಿಲ್ವಾ?"

"ಅಯ್ಯೋ ಅತ್ತಿಗೆ, ಬಾಯಿ ತಪ್ಪಿ ಬಂತು."

"ಬಂದಿದ್ದನ್ನ ಕಾಫಿ ಜೊತೆ ವಾಪಸ್ ನುಂಗು."

ಅವನು ನುಂಗಿದ. ಆದರೆ ಜುಲ್ಫೊ ಕೇಳಿಸಿಕೊಂಡಾಗಿತ್ತು. ಮುಖವನ್ನು ಕಿಟಕಿಯ ಕಡೆ ಇನ್ನಷ್ಟು ತಿರುಗಿಸಿದ. ಕಂಬಳಿಯ ಕೆಳಗೆ ಆ ಕೈ ಇನ್ನೂ ಒಳಕ್ಕೆ ಸರಿದದ್ದನ್ನು ರೆಮ್ಜಾ ಕಂಡಳು. ಮನುಷ್ಯ ಉಸಿರಾಡುತ್ತ ಕೂತಿರುವಾಗಲೇ ಊರು ಅವನನ್ನು ಇರುವವರ ಸಾಲಿನಿಂದ ತೆಗೆದು ಇದ್ದಾಗಿನವರ ಸಾಲಿಗೆ ಹಾಕಿಬಿಟ್ಟಿದೆ. ಅವನೂ ಒಪ್ಪಿಕೊಂಡು ಕೂತಿದ್ದಾನೆ. ಈ ಜೂನ್‌ನಲ್ಲಿ ಈ ಮನೆಯಿಂದ ಕನ್ನೆ ಹೊರಡಲೇಬೇಕು ಎಂದುಕೊಂಡಳು. ಹೊರಡದಿದ್ದರೆ ಇವನು ಜುಲೈಗೆ ಉಳಿಯುವುದಿಲ್ಲ.

ಅವನಿಗೆ ನೋವಾಗಬಾರದೆಂದು ಎಲ್ಲವನ್ನೂ ಗುಟ್ಟಾಗಿ ಮಾಡಿದಳು. ಕೊಕ್ಕೆ ಹಿಡಿಯುವ ಪುಟ್ಟ ಇಕ್ಕಳವನ್ನು ಉಗ್ರಾಣದ ಹಲಗೆಗೆ ಬಿಗಿದಳು. ಒಂದು ಕಡೆ ಉಪ್ಪಿನಕಾಯಿ ಹಾಕಿದ ದಪ್ಪ ಮೆಣಸಿನಕಾಯಿಯ ಜಾಡಿಗಳು, ಇನ್ನೊಂದು ಕಡೆ ಪುಕ್ಕದ ಚೀಲ. ಮೂವತ್ತೈದು ವರ್ಷ ನೋಡಿದ ಕಣ್ಣಿಗೆ ಕಲಿಸುವುದೇನಿತ್ತು? ಮೊದಲ ಹತ್ತು ಹಾಳಾದವು. ಹನ್ನೊಂದನೆಯದು ಹುಳದ ಹಾಗಾಯಿತು. ಮೇ ಮುಗಿಯುವ ಹೊತ್ತಿಗೆ ನಲವತ್ತು ಕನ್ನೆ, ಹತ್ತು ಕುದುರೆ. ಸಾಲಾಗಿ ಇಟ್ಟರೆ ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

ಸ್ಟಿಪೊನನ್ನು ಬಾಗಿಲಲ್ಲೇ ನಿಲ್ಲಿಸಿ ಡಬ್ಬಿ ಕೊಟ್ಟಳು.

"ತಗೋ. ಇವನೇ ಕಟ್ಟಿದ್ದು. ಎಡಗೈಯಲ್ಲಿ."

ಸುಳ್ಳು ಹೇಳಿ ರೂಢಿ ಇಲ್ಲದವಳು; ಕಿವಿ ಕೆಂಪಾಯಿತು. ಸ್ಟಿಪೊ ಕಿವಿ ನೋಡಲಿಲ್ಲ, ಒಂದು ಹುಳವನ್ನು ಬೆಳಕಿಗೆ ಹಿಡಿದ. ದೊಡ್ಡ ದನಿಯವನು ಪಿಸುಗುಟ್ಟಿದ.

"ಒಂದೇ ಅಚ್ಚಲ್ಲಿ ಹೊಯ್ದ ಹಾಗಿದೆಯಲ್ಲ ಅತ್ತಿಗೆ. ನನ್ನ ಮಗಂದು, ಮುಂಚೆಗಿಂತ ಚೆನ್ನಾಗಿ ಕಟ್ಟಿದಾನೆ!"

ಕಟ್ಟಿದಾನೆ. ಆ ಮಾತಿಗೋಸ್ಕರವೇ ಅವಳು ಕಾದಿದ್ದದ್ದು. ಆವತ್ತು ಸಂಜೆ ಸಂಘದವರು ಒಬ್ಬೊಬ್ಬರೇ ಕಿಟಕಿಯ ಮುಂದೆ ಹಾದುಹೋಗುವಾಗ, "ಶಭಾಷ್ ಜುಲ್ಫೊ! ಹುಲಿ ಕಣಯ್ಯ ನೀನು!" ಎಂದು ಕೂಗಿದರು. ಜುಲ್ಫೊ ಏನೂ ತಿಳಿಯದೆ ರೆಮ್ಜಾಳ ಮುಖ ನೋಡಿದ. ಅವಳು ಒಲೆಯ ಕಡೆ ತಿರುಗಿ ಬೂದಿ ಕೆದಕಿದಳು.

ನಾಲ್ಕನೇ ದಿನ ಮಧ್ಯಾಹ್ನ ಸ್ಟಿಪೊ ಬಾಗಿಲು ತಟ್ಟಲಿಲ್ಲ, ತಳ್ಳಿಕೊಂಡೇ ಬಂದ. ಸೊಂಟದವರೆಗಿನ ರಬ್ಬರ್ ಬೂಟು ತೆಗೆದಿರಲಿಲ್ಲ. ಬೇರೆ ದಿನವಾಗಿದ್ದರೆ ಆ ಬೂಟಿಗೆ ರೆಮ್ಜಾ ಅವನನ್ನು ಪೊರಕೆಯಿಂದ ಅಟ್ಟುತ್ತಿದ್ದಳು. ಅವನು ಡಬ್ಬಿಯನ್ನು ಅಡುಗೆಮನೆಯ ಮೇಜಿನ ಮೇಲೆ ಬಡಿದ.

"ಮೂರು ದಿನ! ಮೂರು ಬೆಳಿಗ್ಗೆ! ಕೆರೆ ತುಂಬ ಕನ್ನೆ ಏಳ್ತಾ ಇದೆ, ಮೀನು ಜೊಂಡಿನ ಬುಡದಲ್ಲಿ ಹಂದಿ ಹಾಗೆ ಮೇಯ್ತಾ ಇದೆ. ನಮ್ಮ ಹುಳದ ಹತ್ರ ಬರುತ್ತೆ, ನೋಡುತ್ತೆ, ವಾಪಸ್ ಹೋಗುತ್ತೆ. ನಗ್ತಾ ಹೋಗುತ್ತೆ ಅತ್ತಿಗೆ!"

"ಮೆಲ್ಲಗೆ ಮಾತಾಡು."

"ಕುದುರೆ ಸರಿಯಿದೆ, ಅದಕ್ಕೆ ಎರಡು ಬಿದ್ವು. ಕನ್ನೆಗೆ ಜೀವ ಇಲ್ಲ. ನೀರಲ್ಲಿ ಇಸ್ತ್ರಿ ಪೆಟ್ಟಿಗೆ ಎಳೆದ ಹಾಗಿದೆ. ಸಂಘದಲ್ಲಿ ಎಲ್ಲ ಏನಂತಿದಾರೆ ಗೊತ್ತಾ? ಜುಲ್ಫೊನ ಕೈ ಹೋಯ್ತು ಅಂತ. ಪಾಪ, ಇನ್ನು ಅವನ ಹತ್ರ ಕೇಳಬೇಡಿ ಅಂತ."

ಅವಳು ಬಾಗಿಲ ಕಡೆ ನೋಡಿದಳು. ಬಾಗಿಲು ತೆರೆದೇ ಇತ್ತು. ಆಚೆ, ಕಿಟಕಿಯ ಪಕ್ಕ, ಜುಲ್ಫೊ ಇತ್ತ ತಿರುಗಿ ಕೂತಿದ್ದ. ಕಣ್ಣು ನೆಟ್ಟಗೆ ಡಬ್ಬಿಯ ಮೇಲೆ.

ಇನ್ನು ಮುಚ್ಚಿಟ್ಟರೆ ಪ್ರಯೋಜನವಿಲ್ಲ. ಮಾಡದ ತಪ್ಪನ್ನು ಅವನ ತಲೆಗೆ ಕಟ್ಟಿದ ಹಾಗಾಯಿತು.

"ಅವನು ಕಟ್ಟಿದ್ದಲ್ಲ," ಎಂದಳು. "ನಾನು ಕಟ್ಟಿದ್ದು. ಅವನು ಮುಟ್ಟೂ ಇಲ್ಲ. ಹೋಗಿ ಹೇಳು ನಿಮ್ಮ ಸಂಘದವರಿಗೆ, ಕೈ ಹೋಗಿರೋದು ನಂದು ಅಂತ."

ಸ್ಟಿಪೊನ ಬೂಟಿನಿಂದ ಸುರಿದ ನೀರು ನೆಲದ ಮೇಲೆ ಹರಡುತ್ತಿತ್ತು. ಏನು ಮಾಡಬೇಕೆಂದು ತೋಚದೆ ಬಗ್ಗಿ ಟೋಪಿಯಿಂದಲೇ ನೆಲ ಒರೆಸತೊಡಗಿದ.

"ಬಿಡು ಅದನ್ನ," ಎಂದಳು. "ಆಲೂಗಡ್ಡೆ ಪಿತಾ ಮಾಡಿದೀನಿ. ತಿಂದು ಹೋಗು."

ತಿಂದ. ತೆಳ್ಳಗೆ ಲಟ್ಟಿಸಿದ ಹಿಟ್ಟಿನಲ್ಲಿ ಆಲೂಗಡ್ಡೆ ಸುತ್ತಿ ಸುಟ್ಟ ಆ ಪಿತಾವನ್ನು ಎರಡು ತುಂಡು ತಿಂದ. ಜುಲ್ಫೊ ತಿನ್ನಲಿಲ್ಲ. ಅವಳು ತುತ್ತು ಹಿಡಿದರೆ ತುಟಿ ಬಿಗಿದುಕೊಂಡ. ರಾತ್ರಿಯೂ ಅಷ್ಟೇ.

ಮಾರನೇ ಬೆಳಿಗ್ಗೆ ರೆಮ್ಜಾ ಅಂಗಳದಲ್ಲಿ ಬಟ್ಟೆ ಒಗೆಯುವ ತೊಟ್ಟಿಗೆ ನೀರು ತುಂಬಿದಳು. ಜುಲ್ಫೊನ ಹಳೆಯ ಕನ್ನೆಗಳು ಮೂರೇ ಉಳಿದಿದ್ದವು, ಮೀನು ಜಗಿದು ಜಗಿದು ಅರ್ಧ ಕೂದಲುದುರಿದವು. ಒಂದಕ್ಕೆ ನೂಲು ಕಟ್ಟಿ ನೀರಿನಲ್ಲಿ ಮೆಲ್ಲಗೆ ಎಳೆದಳು. ಅದು ಬಳುಕಿತು. ಬಲಕ್ಕೆ, ಎಡಕ್ಕೆ, ಬಲಕ್ಕೆ. ಗೊದಮೊಟ್ಟೆ ಹೊರಟ ಹಾಗೆ. ತಾನು ಕಟ್ಟಿದ್ದನ್ನು ಎಳೆದಳು. ಅದು ನೆಟ್ಟಗೆ ಬಂತು. ಸ್ಟಿಪೊ ಹೇಳಿದ್ದು ಸರಿ, ಇಸ್ತ್ರಿ ಪೆಟ್ಟಿಗೆ.

ಕಾರ್ಖಾನೆಯಲ್ಲಿ ಬಟ್ಟೆಯ ಎಳೆ ಎಣಿಸುತ್ತಿದ್ದ ಭೂತಗನ್ನಡಿ ಇನ್ನೂ ಅವಳ ಹೊಲಿಗೆ ಪೆಟ್ಟಿಗೆಯಲ್ಲಿತ್ತು. ಅದನ್ನು ತಂದು ಹಳೆಯ ಹುಳದ ಮೇಲೆ ಇಟ್ಟು, ಉಸಿರು ಹಿಡಿದು ನೋಡಿದಳು. ಬಾಲದ ಬುಡ ಕೊಕ್ಕೆಯ ನಡುಬೆನ್ನಿನ ಮೇಲೆ ಇರಲಿಲ್ಲ, ಆಚೆ ಬದಿಗೆ ಜಾರಿ ಕೂತಿತ್ತು. ಒಂದು ಕಣ್ಣು ಮೇಲೆ, ಒಂದು ಕೆಳಗೆ. ಎಷ್ಟು ಜಾರಿತ್ತು? ಒಂದು ನೂಲೆಳೆಯಷ್ಟು. ಎರಡನೆಯದನ್ನು ನೋಡಿದಳು, ಅಲ್ಲೂ ಅಷ್ಟೇ. ಮೂರನೆಯದರಲ್ಲೂ ಅಷ್ಟೇ. ಮೇಸ್ತ್ರಿ ಹೆಂಗಸು ಮುಖಕ್ಕೆ ಎಸೆಯುತ್ತಿದ್ದಳಲ್ಲ, ಅಷ್ಟೇ. ಆ ಮೊದಲ ವಸಂತದಲ್ಲಿ ತಾನು ಕತ್ತರಿ ಹಿಡಿದು ಕೊಂದದ್ದು ಇದನ್ನೇ ಎಂದು ಅವಳಿಗೆ ಈಗ ತಿಳಿಯಿತು. ತೊಟ್ಟಿಯ ಅಂಚಿನ ಮೇಲೆ ಕೂತುಬಿಟ್ಟಳು.

ಕಾರಣ ಗೊತ್ತಾಯಿತು, ಸರಿ. ಮಾಡುವುದು ಹೇಗೆ? ಬೇಕೆಂದೇ ಸೊಟ್ಟ ಕಟ್ಟಿದಳು. ನೀರಿಗೆ ಬಿಟ್ಟರೆ ಅದು ಬುಗುರಿಯ ಹಾಗೆ ತಿರುಗಿ ನೂಲನ್ನೆಲ್ಲ ಗಂಟು ಹಾಕಿತು. ಸ್ವಲ್ಪ ಕಡಿಮೆ ಸೊಟ್ಟ ಕಟ್ಟಿದಳು, ಅದು ನೆಟ್ಟಗೇ ಹೋಯಿತು. ಮೂವತ್ತೊಂದು ವರ್ಷ ನೆಟ್ಟಗೆ ಹೋದ ಬೆರಳು, ಬುದ್ಧಿ ಎಷ್ಟು ಬೈದರೂ, ಕೊನೆಯ ಸುತ್ತಿನಲ್ಲಿ ತಾನಾಗಿ ಸರಿಪಡಿಸಿಕೊಂಡುಬಿಡುತ್ತಿತ್ತು. ಕಡೆಗೆ ಗಾಯದ ಪಟ್ಟಿ ತೆಗೆದುಕೊಂಡು ತನ್ನ ಎಡಗೈಯ ಕೊನೆಯ ಎರಡು ಬೆರಳುಗಳನ್ನು ಮಡಚಿ ಅಂಗೈಗೆ ಬಿಗಿದು ಕಟ್ಟಿದಳು. ಜುಲ್ಫೊನ ಕೈ ಹೇಗಿತ್ತೋ ಹಾಗೆ. ಕಟ್ಟಿದಳು, ಕಟ್ಟಿದಳು. ಮಧ್ಯಾಹ್ನದವರೆಗೆ ಏಳು. ಏಳೂ ಹಾಳು.

ಆಗ ಅವಳಿಗೆ ಸಿಟ್ಟು ಬಂತು. ಮೀನಿನ ಮೇಲೆ, ಸ್ಟಿಪೊನ ಮೇಲೆ, ಉಗ್ರಾಣದ ಕತ್ತಲೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನಿನ್ನೆಯಿಂದ ಬಾಯಿ ಬಿಗಿದು ಕೂತ ಗಂಡಸಿನ ಮೇಲೆ. ಇಕ್ಕಳವನ್ನು ಹಲಗೆಯಿಂದ ಕಿತ್ತು, ಪುಕ್ಕದ ಚೀಲ ಕಂಕುಳಲ್ಲಿ ಇಟ್ಟುಕೊಂಡು, ಧಡಧಡ ಹೋಗಿ ಅವನ ಮುಂದಿದ್ದ ಮೇಜಿಗೆ ಬಿಗಿದಳು. ಮೇಜಿನ ಮೇಲಿದ್ದ ಔಷಧಿಯ ಶೀಷೆಗಳು ಉರುಳಿದವು.

"ನೋಡು! ಎರಡು ತಿಂಗಳಿಂದ ಕದ್ದು ಕದ್ದು ಸಾಯ್ತಾ ಇದೀನಿ. ನಿನ್ನ ಮೂರು ಬೆರಳಿಗಿರೋ ಬುದ್ಧಿ ನನ್ನ ಐದಕ್ಕಿಲ್ಲ. ಒಪ್ಕೊಂಡೆ. ನಿನ್ನ ಹೆಸರು ನಾನೇ ಕೆಡಿಸಿದೆ, ಅದನ್ನೂ ಒಪ್ಕೊಂಡೆ. ಈಗ ಏನ್ ಮಾಡ್ಲಿ? ಹೇಳು! ಹೇಳೋಕೆ ಬರಲ್ಲ ಅಂದ್ರೆ ನೋಡಾದ್ರೂ ನೋಡು!"

ಅವನ ಎದುರಿಗೇ ಕೂತು ಕಟ್ಟತೊಡಗಿದಳು. ಕೊಕ್ಕೆಯ ಮೇಲೆ ನೂಲಿನ ತಳ ಸುತ್ತಿದಳು, ತುಪ್ಪುಳ ಹಿಡಿದು ಅಳತೆ ನೋಡಿದಳು. ಅವನು ಮೊದಲು ನೋಡಿದ್ದು ಹುಳವನ್ನಲ್ಲ, ಅವಳ ಕೈಯನ್ನು. ಮಡಚಿ ಕಟ್ಟಿದ್ದ ಎರಡು ಬೆರಳುಗಳನ್ನು. ಅವನ ಕತ್ತಿನಿಂದ ಕೆಂಪು ಏರತೊಡಗಿತು. ತನ್ನನ್ನು ಅಣಕಿಸುತ್ತಿದ್ದಾಳೆ ಎಂದುಕೊಂಡನೋ, ಅವಳು ತುಪ್ಪುಳವನ್ನು ಹಿಡಿದ ರೀತಿ ಕಂಡು ಸಹಿಸಲಾಗಲಿಲ್ಲವೋ, ಅಂತೂ ಅವಳು ಬಾಲವನ್ನು ಕೊಕ್ಕೆಯ ಬೆನ್ನಿನ ಮೇಲೆ ನೆಟ್ಟಗೆ, ಅಚ್ಚುಕಟ್ಟಾಗಿ ಇಟ್ಟ ಗಳಿಗೆಯಲ್ಲಿ ಕಂಬಳಿ ಪಕ್ಕಕ್ಕೆ ಹಾರಿತು. ಆ ಕೈ ಹೊರಗೆ ಬಂತು. ಅವಳ ಮಣಿಕಟ್ಟಿಗೆ ಫಟ್ ಎಂದು ಒಂದು ಬಿತ್ತು.

"ಕತ್ತೆ!" ಎಂದ ಜುಲ್ಫೊ.

ತುಪ್ಪುಳ ಗಾಳಿಯಲ್ಲಿ ತೇಲುತ್ತ ಇಬ್ಬರ ನಡುವೆ ಇಳಿಯಿತು. ನಾಲ್ಕು ತಿಂಗಳಲ್ಲಿ ಆ ಬಾಯಿಂದ ಬಂದ ಮೊದಲ ಮಾತು.

"ಏನಂದೆ?"

ಅವನು ಬಾಯಿ ತೆರೆದ. ದವಡೆ ನಡುಗಿತು. ಏನೂ ಬರಲಿಲ್ಲ.

"ಇನ್ನೊಂದ್ಸಲ ಅನ್ನೋ. ಅನ್ನು. ಕತ್ತೆ ಅನ್ನು, ಹಂದಿ ಅನ್ನು, ನಮ್ಮಪ್ಪನ್ನ ಬೇಕಾದ್ರೂ ಬಯ್ಯಿ."

ಬರಲಿಲ್ಲ. ಬರದಿದ್ದದ್ದಕ್ಕೆ ಅವನಿಗೆ ಇನ್ನೂ ಸಿಟ್ಟು ಬಂದು, ಬಾಯಿ ಬಿಟ್ಟು ಕೈಯನ್ನೇ ಮುಂದೆ ಚಾಚಿದ. ಬಿದ್ದ ತುಪ್ಪುಳವನ್ನು ಎತ್ತಲು ಮೂರು ಸಲ ತಪ್ಪಿದ. ರೆಮ್ಜಾ ಸಹಾಯಕ್ಕೆ ಹೋಗಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದಳು. ನಾಲ್ಕನೇ ಸಲಕ್ಕೆ ಸಿಕ್ಕಿತು. ಹೆಬ್ಬೆರಳು, ತೋರುಬೆರಳಿನ ನಡುವೆ ಅದನ್ನು ಹಿಡಿದು ಕೊಕ್ಕೆಯ ಮೇಲೆ ಒತ್ತಿ, ಗಲ್ಲವನ್ನು ನೂಲಿನ ಕಡೆ ಎತ್ತಿದ. ಸುತ್ತು ಎಂದು ಅದರರ್ಥ. ಮೂವತ್ತೈದು ವರ್ಷದ 'ಉಪ್ಪು ಕೊಡು', 'ಬಾಗಿಲು ಹಾಕು' ಎಲ್ಲವೂ ಅವನ ಗಲ್ಲದಲ್ಲೇ ಇದ್ದವು. ಅವಳಿಗೆ ಹೊಸದಾಗಿ ಕಲಿಯಬೇಕಿರಲಿಲ್ಲ.

ಅವಳು ತನ್ನ ಬಲಗೈಯಿಂದ ನೂಲು ಸುತ್ತಿದಳು. ಸುತ್ತುವಾಗ ಕಂಡಿತು. ನೂಲು ಬಿಗಿಯಾಗುತ್ತಿದ್ದ ಹಾಗೆ ಅವನ ಹೆಬ್ಬೆರಳಿಗೆ ಹಿಂದಿನಿಂದ ಆಸರೆ ಕೊಡುವ ಬೆರಳುಗಳಿಲ್ಲದೆ ಅದು ಒಂಚೂರು ಆಚೆಗೆ ಹೊರಳುತ್ತಿತ್ತು. ತುಪ್ಪುಳವೂ ಅದರ ಜೊತೆ ಹೊರಳಿ ಕೂರುತ್ತಿತ್ತು. ಅವನು ಅದನ್ನು ಎಂದೂ ಬೇಕೆಂದು ಸೊಟ್ಟ ಕಟ್ಟಿರಲಿಲ್ಲ. ನೆಟ್ಟಗೆ ಇಡಲು ನೋಡಿದ್ದ, ಅಷ್ಟೇ. ಪ್ರತಿ ಸಲವೂ.

ಅವಳು ಬಗ್ಗಿ ಹಲ್ಲಿನಿಂದ ತನ್ನ ಬೆರಳಿನ ಪಟ್ಟಿ ಬಿಚ್ಚಿಕೊಂಡಳು. ಅವನ ಎಡಗೈ, ಅವಳ ಬಲಗೈ. ಅವಳು ಒರಗುಮಂಚದಲ್ಲಿ ಅವನ ಸತ್ತ ಬಲಗೈಯ ಪಕ್ಕಕ್ಕೆ ಬಂದು, ಭುಜಕ್ಕೆ ಭುಜ ತಾಗಿಸಿ ಕೂತಳು. ಇಬ್ಬರೂ ಸೇರಿದರೆ ಒಬ್ಬ ಮನುಷ್ಯನಾಗುವಷ್ಟು ಕೈ ಇತ್ತು. ಆದರೆ ಒಬ್ಬ ಮನುಷ್ಯನ ಕೈಗಳು ತಮ್ಮತಮ್ಮಲ್ಲಿ ಜಗಳಾಡುವುದಿಲ್ಲ. ಇವು ಆಡಿದವು. ಅವಳು ಬೇಗ ಸುತ್ತಿದರೆ ಅವನು ಗುರ್ ಎನ್ನುವನು. ಅವನು ಬಿಡುವ ಮೊದಲೇ ಅವಳು ಗಂಟು ಹಾಕಿದರೆ ತಲೆಯಿಂದ ಗುದ್ದುವನು. "ಆಯ್ತು ಮಾರಾಯ, ನಿಧಾನ, ನಿಧಾನ," ಎಂದು ಅವಳು ಬೈಯುತ್ತ ನಗುತ್ತ ಕಣ್ಣೊರೆಸಿಕೊಳ್ಳುವಳು. ಆ ಮಧ್ಯಾಹ್ನ ಒಂದು ಹುಳ ಆಯಿತು. ಸಂಜೆ ಅವನು ಬಾಯಿ ತೆರೆದು ಎರಡು ಬಟ್ಟಲು ಸಾರು ಕುಡಿದ. ವಾರದಲ್ಲಿ ಒಂಬತ್ತು ಹುಳ.

ಸ್ಟಿಪೊ ತನ್ನ ವ್ಯಾನಿನಲ್ಲಿ ಇಬ್ಬರನ್ನೂ ಕೆರೆಗೆ ಕರೆದೊಯ್ದ. ಜುಲ್ಫೊನನ್ನು ಅವನೂ ರೆಮ್ಜಾಳೂ ಎರಡು ಕಡೆ ಹಿಡಿದು ತಂದು, ದಡದಲ್ಲಿ ತೋಳಿರುವ ಕುರ್ಚಿಯಲ್ಲಿ ಕೂರಿಸಿದರು. ಒಂಬತ್ತು ಗಂಟೆಯ ಬಿಸಿಲು. ಗಾಳಿಯಿಲ್ಲ. ನೀರಿನ ಅಂಚಿನ ಪ್ರತಿ ಜೊಂಡಿನ ಮೇಲೂ ಕನ್ನೆಯ ಮರಿಗಳು ಹತ್ತುತ್ತಿದ್ದವು. ಜೊಂಡು ಸಾಲದೆ ದೋಣಿಯ ಹಗ್ಗಕ್ಕೂ ಹತ್ತಿದವು, ಸ್ಟಿಪೊನ ಬೂಟಿಗೂ ಹತ್ತಿದವು. ಒಂದು ಮರಿ ಕುರ್ಚಿಯ ಕಾಲು ಹಿಡಿದು ಏರಿ, ಜುಲ್ಫೊನ ಬಲಗೈಯ ಮೇಲೆ ಬಂದು ನಿಂತಿತು. ಅವನಿಗೆ ಅದರ ಸ್ಪರ್ಶ ಗೊತ್ತಾಗಲಿಲ್ಲ, ಕಣ್ಣಿಗೆ ಕಂಡಿತು. ರೆಮ್ಜಾ ಅದನ್ನು ಒರೆಸಲು ಹೋದವಳು ಕೈ ಹಿಂದೆಗೆದಳು. ಅಲ್ಲಾಡದ ಕೈ ಅದಕ್ಕೆ ಒಳ್ಳೆಯ ಜಾಗವೇ ಆಗಿತ್ತು. ಬೆನ್ನು ಬಿರಿಯಿತು, ಮೆತ್ತಗಿನ, ಬಣ್ಣವಿಲ್ಲದ ಒಂದು ಜೀವ ತನ್ನನ್ನು ತಾನೇ ಹೊರಗೆ ಎಳೆದುಕೊಳ್ಳತೊಡಗಿತು. ಇಬ್ಬರೂ ಅದನ್ನು ನೋಡುತ್ತ ಕೂತರು.

ಸ್ಟಿಪೊ ಜೊಂಡಿಗೆ ದೋಣಿ ಕಟ್ಟಿ, ಆಳದ ಕಡೆ ಹುಳ ಬೀಸಿ, ದಡದ ಕಡೆಗೆ ಮೆಲ್ಲಮೆಲ್ಲಗೆ ಎಳೆದ. ಮೊದಲ ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ದಾರ ಬಿಗಿಯಿತು, ಕೋಲು ಬಾಗಿತು. ಮೊಳದುದ್ದದ ಟ್ರೌಟು. ರೆಮ್ಜಾ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಜುಲ್ಫೊ ತಟ್ಟಲಿಲ್ಲ, ನೀರನ್ನೇ ನೋಡುತ್ತಿದ್ದ. ಹನ್ನೊಂದು ಗಂಟೆಗೆ ಇನ್ನೊಂದು ಬಿತ್ತು. ಅಷ್ಟೇ. ಬಿಸಿಲು ನೆತ್ತಿಗೇರಿತು, ಕನ್ನೆಗಳು ಏಳುವುದು ನಿಂತಿತು.

ಸ್ಟಿಪೊ ದಡಕ್ಕೆ ಬಂದ. ರೆಮ್ಜಾ ಜುಲ್ಫೊನ ಬೆನ್ನ ಹಿಂದಿನಿಂದ ಕಣ್ಣು ಅರಳಿಸಿ, ತುಟಿಗೆ ಬೆರಳಿಟ್ಟು ಸನ್ನೆ ಮಾಡಿದಳು: ಚೆನ್ನಾಗಿದೆ ಅನ್ನು, ಇಷ್ಟು ಸಾಕು ಅನ್ನು.

"ಕಣ್ಸನ್ನೆ ಮಾಡ್ಬೇಡಿ ಅತ್ತಿಗೆ," ಎಂದ ಸ್ಟಿಪೊ ಜೋರಾಗಿಯೇ. "ಈ ದೋಣೀಲಿ ನಾನು ಅವನಿಗೆ ಬೇಕಾದಷ್ಟು ಬೈದಿದೀನಿ, ಸುಳ್ಳು ಮಾತ್ರ ಹೇಳಿಲ್ಲ." ಜುಲ್ಫೊನ ಮುಂದೆ ಕುಕ್ಕರಗಾಲಲ್ಲಿ ಕೂತ. "ನೋಡು ಜುಲ್ಫೊ. ಬಳುಕುತ್ತೆ. ಆದ್ರೆ ಸೋಮಾರಿ ಥರ ಬಳುಕುತ್ತೆ. ಇಂಥಾ ದಿನ ಎಂಟು ಬೀಳ್ಬೇಕಿತ್ತು, ಎರಡು ಬಿತ್ತು. ಎಲ್ಲೋ ತಪ್ಪು ಮಾಡಿದೀಯ ನೀನು."

ರೆಮ್ಜಾ, ಆ ಕೈ ಇನ್ನು ಮತ್ತೆ ಕಂಬಳಿಯ ಒಳಗೆ ಹೋಗುತ್ತದೆ ಎಂದುಕೊಂಡಳು.

ಜುಲ್ಫೊ ಎಡಗೈ ಚಾಚಿ ಬೆರಳಾಡಿಸಿದ. ಸ್ಟಿಪೊ ದಾರದಿಂದ ಹುಳವನ್ನು ಕತ್ತರಿಸಿ ಅಂಗೈಯಲ್ಲಿಟ್ಟ. ಜುಲ್ಫೊ ಅದನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೊರಳಿಸಿ ಹೊರಳಿಸಿ ನೋಡಿದ. ಹೆಬ್ಬೆರಳ ಉಗುರಿನಿಂದ ಸೊಂಟದ ಹತ್ತಿರ ಉಣ್ಣೆಯ ದಪ್ಪವನ್ನು ಒತ್ತಿ ರೆಮ್ಜಾಳಿಗೆ ತೋರಿಸಿದ. ಅದು ಅವಳು ಸುತ್ತಿದ್ದ ಭಾಗ. ಅಚ್ಚುಕಟ್ಟಾಗಿರಲಿ ಎಂದು ಎರಡು ಸುತ್ತು ಹೆಚ್ಚಿಗೆ ಹಾಕಿದ್ದಳು.

"ಚೆನ್ನಾಗಿ ಕಾಣ್ಲಿ ಅಂತ ಹಾಕ್ದೆ," ಎಂದಳು ಸಣ್ಣ ದನಿಯಲ್ಲಿ.

ಸ್ಟಿಪೊ ಆಕಾಶ ನೋಡಿದ. "ಮೀನೇನು ಹೆಣ್ಣು ನೋಡೋಕೆ ಬರುತ್ತಾ ಅತ್ತಿಗೆ?"

ಜುಲ್ಫೊ ಹುಳವನ್ನು ಬಾಯಿಗೆ ಒಯ್ದು ಗಂಟನ್ನು ಹಲ್ಲಿನಿಂದ ಕಡಿದ. ನೂಲಿನ ತುದಿಯನ್ನು ತುಟಿಯಲ್ಲಿ ಹಿಡಿದು ಎಳೆದ. ಕಣ್ಣು ಉದುರಿತು, ಕಾಲು ಉದುರಿತು, ಉಣ್ಣೆ ಸುರುಳಿ ಬಿಚ್ಚಿಕೊಂಡಿತು. ಉಳಿದ ಬೋಳು ಕೊಕ್ಕೆಯನ್ನು ಹೆಂಡತಿಯ ಅಂಗೈಯಲ್ಲಿಟ್ಟು ಗಲ್ಲವನ್ನು ಎತ್ತಿದ.

"ಈಗ್ಲೇನಾ? ಇಲ್ಲಿ ನೂಲಿಲ್ಲ, ಇಕ್ಕಳ ಇಲ್ಲ. ಮನೆಗೆ ಹೋಗ್ಬೇಕು ಕಣೋ. ಬುತ್ತಿ ತಂದಿದೀನಿ, ಮೊದಲು ತಿಂದ್ಕೊಂಡು..."

ಅವನು ಕೇಳಿಸಿಕೊಳ್ಳಲಿಲ್ಲ. ಬಲಗೈಯ ಮೇಲಿದ್ದ ಕನ್ನೆಯ ರೆಕ್ಕೆ ಒಣಗಿತ್ತು; ಅದು ಹಾರುವವರೆಗೆ ಒಂದು ಗಳಿಗೆ ಕಾದ. ಆಮೇಲೆ ಎಡಗೈಯಿಂದ ಕುರ್ಚಿಯ ತೋಳನ್ನು ಹಿಡಿದು, ಹಲ್ಲು ಕಚ್ಚಿ, ಏಳಲು ಹೊರಟ.